ತಾಳಮದ್ದಳೆ ಯಾಕೆ, ಸೀದಾ ದುಡ್ಡು ಕೊಡಬಾರದಾ?

ಅಪ್ಪ ತೀರಿಕೊಂಡ ಮೇಲೆ ಪ್ರತಿ ಮಳೆಗಾಲ ಶಿರಸಿ ಹತ್ತಿರದ ನಮ್ಮೂರ ದೇವಸ್ಥಾನದಲ್ಲಿ ಅವರ ಹೆಸರಲ್ಲಿ ಒಂದು ತಾಳಮದ್ದಳೆ ಇಡುತ್ತೇವೆ. ವೇಷ, ಕುಣಿತ ಇಲ್ಲದ ಯಕ್ಷಗಾನ ಅದು: ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಅಲ್ಲಿ ಸೇರಿದ ಹಣ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರ ಮನೆಗಳಿಗೆ ಹೋಗುತ್ತದೆ. ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಾರೆ: 'ಭಾಗವತರು, ಮೈಕು, ಊಟ ಅಂತ ಖರ್ಚು ಮಾಡೋ ಬದಲು ಆ ದುಡ್ಡನ್ನೂ ಸೀದಾ ಕೊಟ್ಟುಬಿಡಬಹುದಲ್ಲ?'

ಕೊಡಬಹುದು. ಯಾರಿಗೆ ಅಂತ ಗೊತ್ತಾಗಬೇಕಲ್ಲ! ತೋಟದ ತಲೆಯಲ್ಲಿ ಒಂಟಿ ಮನೆ, ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಒಬ್ಬರಿಗೆ ಮರೆವು ಶುರುವಾದರೆ ಇನ್ನೊಬ್ಬರು 'ಅರವತ್ತಕ್ಕೆ ಅರಳುಮರಳು' ಅಂತ ಸುಮ್ನಾಗುತ್ತಾರೆ. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ, ಪೇಟೆಗಿಂತ ಹಳ್ಳಿಯಲ್ಲೇ ಜಾಸ್ತಿ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ನಮ್ಮ ಸೀಮೆಯಲ್ಲಿ ಕೇಳಿ ನೋಡಿ, ಒಬ್ಬರೂ ಸಿಗುವುದಿಲ್ಲ.

ಡಾಕ್ಟರ ಭಾಷಣ ಇಟ್ಟರೆ ಇಂಥ ಮನೆಯವರು ಬರುವುದಿಲ್ಲ. ಬಂದರೆ ಊರಿಗೆಲ್ಲ ಗೊತ್ತಾಯಿತಲ್ಲ! ತಾಳಮದ್ದಳೆಗೆ ಬರುತ್ತಾರೆ. ಕಾಯಿಲೆಯವರನ್ನೂ ಕರೆದುಕೊಂಡು ಬರುತ್ತಾರೆ. ಕಂಬಕ್ಕೆ ಒರಗಿ ತಲೆ ಆಡಿಸುತ್ತ ಕೂತ ಮುದುಕರನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಕಷಾಯ ಕುಡಿಯುವಾಗ ಯಾರೋ ಒಬ್ಬರು ಮೆಲ್ಲಗೆ ನನ್ನ ಪಕ್ಕ ಬಂದು, 'ನಿಮ್ಮ ಅಪ್ಪಂಗೆ ಶುರುವಿಗೆ ಹೇಗಾಗಿತ್ತು?' ಅನ್ನುತ್ತಾರೆ. ನಮಗೆ ವಿಳಾಸ ಸಿಗುವುದು ಹೀಗೆ.

ಅಪ್ಪ ಅಡಿಕೆ ತೋಟದವರು, ಹವ್ಯಾಸಿ ಅರ್ಥಧಾರಿ. 'ಕೃಷ್ಣ ಸಂಧಾನ' ಪ್ರಸಂಗದ ಕೌರವ ಅಂದರೆ ಸುತ್ತಲಿನ ಊರಿನವರು ಅವರನ್ನೇ ಕರೆಯುತ್ತಿದ್ದರು. ತಾಳಮದ್ದಳೆಯಲ್ಲಿ ಪದ ಮೊದಲೇ ಬರೆದಿಟ್ಟದ್ದು; ಅರ್ಥ, ಅಂದರೆ ಪಾತ್ರದ ಮಾತು, ಮಾತ್ರ ಅಲ್ಲೇ ಹುಟ್ಟಬೇಕು. ಎದುರಿನವರು ಏನಂದರು ಅಂತ ನೆನಪಿಟ್ಟು ಅದಕ್ಕೆ ತಕ್ಕ ಉತ್ತರ ಕೊಡಬೇಕು. ಒಂದು ರಾತ್ರಿ ಅಪ್ಪ ಹೇಳಿದ ವಾದವನ್ನೇ ಮತ್ತೆ ಮತ್ತೆ ಹೇಳಿದರು. 'ಕೌರವಾ, ನಿನ್ನ ಹಟ ನೋಡು, ಮಾತೂ ಬದಲಾಗುವುದಿಲ್ಲ' ಅಂತ ಕೃಷ್ಣನ ಅರ್ಥ ಹೇಳುತ್ತಿದ್ದವರು ಜಾಣತನದಿಂದ ಸಂಭಾಳಿಸಿದರು. ಸಭೆ ನಕ್ಕಿತು. ಆಯಿ, ಅಂದರೆ ನಮ್ಮಮ್ಮ, ನಗಲಿಲ್ಲ.

ಬರಬರುತ್ತ ಅರ್ಥ ಪೂರ್ತಿ ಹೋಯಿತು, ಪದ ಹೋಗಲಿಲ್ಲ. ಸಂಜೆ ಜಗುಲಿಯಲ್ಲಿ ತಮ್ಮ ಮದ್ದಳೆ ಹಿಡಿದರೆ, ನಾನು ನನಗೆ ಬಂದ ಹಾಗೆ ಪದ ಎತ್ತುತ್ತಿದ್ದೆ. ಅಪ್ಪನ ಬೆರಳು ಕುರ್ಚಿಯ ಕೈ ಮೇಲೆ ಜಂಪೆ ತಾಳ ಹಾಕುತ್ತಿತ್ತು. ಸಾಲಿನ ನಡುವೆ ನಿಲ್ಲಿಸಿದರೆ ಉಳಿದದ್ದನ್ನು ಅವರೇ ಮುಗಿಸುತ್ತಿದ್ದರು. ತಾಳ ತಪ್ಪಿದರೆ ಕಣ್ಣು ಬಿಟ್ಟು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ನನ್ನನ್ನೇ, 'ನೀ ಯಾರ ಮನೆ ಮಾಣಿ?' ಅಂತ ಕೇಳುತ್ತಿದ್ದರು.

ಹಾಡಿದರೆ ನೆನಪು ವಾಪಸ್ ಬರುತ್ತದಾ ಅಂತಲೂ ಕೇಳುವವರಿದ್ದಾರೆ. ಬರುವುದಿಲ್ಲ. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣ ಅಲ್‌ಝೈಮರ್ ಕಾಯಿಲೆ. ಅದು ಸಾಮಾನ್ಯವಾಗಿ ಮೊದಲು ಕೆಡಿಸುವುದು ಹೊಸ ನೆನಪು ಕಟ್ಟುವ ಮಿದುಳಿನ ಭಾಗವನ್ನು. ವರ್ಷಗಟ್ಟಲೆ ಹಾಡಿ ಕೇಳಿ ಪಳಗಿದ ಪದ, ತಾಳ ಬೇರೆ ಭಾಗಗಳಲ್ಲೂ ಹರಡಿಕೊಂಡಿರುವುದರಿಂದ ಜಾಸ್ತಿ ದಿನ ಉಳಿಯುತ್ತದೆ. ಕಾಯಿಲೆ ವಾಸಿ ಮಾಡುವ ಮದ್ದೂ ಇಲ್ಲ. ಆದರೆ ಪದ ಕೇಳಿದ ಸಂಜೆ ಅಪ್ಪ 'ಮನೆಗೆ ಹೋಗ್ತೆ' ಅಂತ ಹಟ ಮಾಡುತ್ತಿರಲಿಲ್ಲ. ಆಯಿ ಆಗ ಒಳಗೆ ಹೋಗಿ ಸ್ವಲ್ಪ ಹೊತ್ತು ಬೆನ್ನು ಚಾಚುತ್ತಿದ್ದಳು. ನಮ್ಮ ದುಡ್ಡು ಹೋಗುವುದು ಈ ಬೆನ್ನು ಚಾಚುವುದಕ್ಕೇ. ವಾರಕ್ಕೆರಡು ದಿನ ಬಂದು ಕೂರುವವರ ಸಂಬಳ, ದೊಡ್ಡವರ ಡೈಪರ್, ನರರೋಗ ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಕಾರಿನ ಬಾಡಿಗೆ. ಎಲ್ಲಕ್ಕಿಂತ ಮೊದಲು ರಕ್ತ ಪರೀಕ್ಷೆ. ಥೈರಾಯ್ಡ್ ತೊಂದರೆಯಿಂದ, ಬಿ12 ಕೊರತೆಯಿಂದಲೂ ಮರೆವು ಬರಬಹುದು, ಅದಕ್ಕೆ ಔಷಧ ಇದೆ. ಹಾಲು ಮಜ್ಜಿಗೆಯಲ್ಲೇ ದಿನ ಕಳೆಯುವ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವೇನಲ್ಲ.

ಇನ್ನು ಖರ್ಚಿನ ಮಾತು. ತಾಳಮದ್ದಳೆಗೆ ವೇಷ ಬೇಡ, ರಂಗಸ್ಥಳ ಬೇಡ, ಕಂಬಳಿ ಹಾಸಿದರೆ ಆಯಿತು. ಕಲಾವಿದರು ಅಪ್ಪನ ಒಡನಾಡಿಗಳು, ದಾರಿ ಖರ್ಚು ತೆಗೆದುಕೊಂಡರೆ ಹೆಚ್ಚು. ನಡುವೆ ಫಲಾವಳಿ ಸವಾಲು, ಅಂದರೆ ಹಣ್ಣುಕಾಯಿ ಹರಾಜು, ಇರುತ್ತದೆ. ಬಾಳೆಗೊನೆ ಕೂಗಿ ಗೆದ್ದವರು ದುಡ್ಡು ಕೊಟ್ಟು, ಗೊನೆಯನ್ನು ಮತ್ತೆ ಸವಾಲಿಗೇ ಬಿಡುತ್ತಾರೆ. ಅದೇ ಗೊನೆ ಎಷ್ಟೋ ಸಲ ಮಾರಾಟವಾಗುತ್ತದೆ. ಸೀದಾ ದುಡ್ಡು ಕೇಳಿದ್ದರೆ ಇವರಲ್ಲಿ ಅರ್ಧ ಜನ ನೂರರ ನೋಟು ಕೊಟ್ಟು ಕೈ ಮುಗಿಯುತ್ತಿದ್ದರು.

ನಿಮ್ಮೂರಲ್ಲೂ ಮಾಡುವುದಾದರೆ ಮೊದಲು ಭಾಗವತರ ದಿನ ಗೊತ್ತುಮಾಡಿ. ಹಿರಿಯರ ಸಹಾಯವಾಣಿ 14567 ಅಂತ ಗೋಡೆಗೊಂದು ಚೀಟಿ ಅಂಟಿಸಿ. ಲೆಕ್ಕವನ್ನು ಮಾತ್ರ ಅವತ್ತೇ ಮೈಕಿನಲ್ಲಿ ಓದಿ ಹೇಳಿ. ಇಲ್ಲದಿದ್ದರೆ ಮರುದಿನ ಪೇಟೆಯಲ್ಲಿ ನಿಮ್ಮ ಮೇಲೇ ಒಂದು ಪ್ರಸಂಗ ಕಟ್ಟಿಬಿಡುತ್ತಾರೆ.