ಬೋರ್ಡಿಗೆ ದೀಪ ಹಾಕಿದರೆ ಅದೂ ಕಲೆಯೇ?

ಕಲೆಯ ಬಗ್ಗೆ ಮಾತನಾಡಲು ಯಾವ ಕಾಲೇಜಿಗೆ ಹೋದರೂ, ಅಮೆರಿಕದ ಗ್ಲೆನ್ ಲೈಗನ್ ಅವರ ನಿಯಾನ್ ಕೃತಿ (ಗಾಜಿನ ಕೊಳವೆಯನ್ನು ಅಕ್ಷರದಂತೆ ಬಗ್ಗಿಸಿ, ಅನಿಲ ತುಂಬಿ ಉರಿಸುವ ದೀಪ) ಪರದೆಯ ಮೇಲೆ ಬಂದೊಡನೆ ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೇಳುತ್ತದೆ. "ಸರ್, ಇದು ಬಾರಿನ ಬೋರ್ಡಿನ ಹಾಗೇ ಇದೆಯಲ್ಲ? ಎರಡು ಪದ ಬರೆಸಿ ದೀಪ ಹಾಕಿದರೆ ಕಲೆಯಾಗಿಬಿಡುತ್ತದೆಯೇ? ಕೊಳವೆ ಬಗ್ಗಿಸಿದ್ದೂ ಅವರಲ್ಲವಂತೆ!"

ಬಾರಿನ ಬೋರ್ಡಿನ ಹಾಗೆ ಕಾಣದಿದ್ದರೆ ಕೃತಿ ಸೋತಂತೆಯೇ ಎಂದು ನಾನು ಶುರುಮಾಡುತ್ತೇನೆ. 1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಫ್ರೆಂಚ್ ಎಂಜಿನಿಯರ್ ಜಾರ್ಜ್ ಕ್ಲಾಡ್ ನಿಯಾನ್ ದೀಪ ಬೆಳಗಿಸಿ ತೋರಿಸಿದ. ಎರಡೇ ವರ್ಷದಲ್ಲಿ ಅದು ಅಲ್ಲಿನ ಒಂದು ಕ್ಷೌರದಂಗಡಿಯ ನೆತ್ತಿಗೇರಿತ್ತು. ಅಂದಿನಿಂದ ನಮ್ಮ ಕಣ್ಣಿಗೆ ಒಂದೇ ಪಾಠ: ಉರಿಯುವ ಅಕ್ಷರ ಎಂದರೆ ಒಳಗೆ ಬಾ, ಕೊಂಡುಕೋ. ಓದಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಓದಿ ಮುಗಿದಿರುತ್ತದೆ. ಅಂಗಡಿಯವನು ಬೆಳೆಸಿದ ಈ ಚಟವನ್ನೇ ಲೈಗನ್ ಎರವಲು ಪಡೆದರು.

(ನಮಗೂ ನಿಯಾನಿಗೂ ಏನು ಸಂಬಂಧ ಎಂದು ಬೆಂಗಳೂರಿನವರು ಮಾತ್ರ ಕೇಳುವಂತಿಲ್ಲ. 1898ರಲ್ಲಿ ಲಂಡನ್ನಿನಲ್ಲಿ ಈ ಅನಿಲವನ್ನು ಕಂಡುಹಿಡಿದವರು ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ಸರಿ ಎಂದು ಸೂಚಿಸಿದವರು ರಾಮ್ಸೆ. ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಟ್ರಾವರ್ಸ್.)

ಈಗ ಗಾಜಿನ ಹತ್ತಿರಕ್ಕೆ ಬನ್ನಿ. ನಿಯಾನ್ ಪದದಲ್ಲಿ ಅಕ್ಷರ ಮುಗಿದರೂ ಕೊಳವೆ ಮುಗಿಯುವುದಿಲ್ಲ, ಮುಂದಿನ ಅಕ್ಷರಕ್ಕೆ ಹಾಯುತ್ತದೆ. ನಡುವಿನ ಆ ತುಂಡು ಕಾಣಬಾರದೆಂದು ಕಸುಬುದಾರರು ಅದಕ್ಕೆ ಕಪ್ಪು ಬಣ್ಣ ಬಳಿಯುತ್ತಾರೆ. ಅಂದರೆ ಆ ಕಸುಬಿನಲ್ಲಿ ಕಪ್ಪು ಇರುವುದು ಮರೆಮಾಚುವುದಕ್ಕೆ. 1960ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಕರಿಯ ಕಲಾವಿದ ಲೈಗನ್ 2005ರಲ್ಲಿ ಅದೇ ಕಪ್ಪನ್ನು ಅಕ್ಷರಗಳ ಮುಖಕ್ಕೇ ಬಳಿಸಿದರು. ಬೆಳಕು ಹಿಂದಕ್ಕೆ ತಿರುಗಿ ಗೋಡೆಗೆ ಬಿತ್ತು. ಬೆಳಗುವ ಗೋಡೆಯ ಮುಂದೆ ಕಪ್ಪು ಅಕ್ಷರಗಳು ನಿಂತವು: 'ನೀಗ್ರೋ ಸನ್‌ಶೈನ್'.

ಪದಗಳು ಲೈಗನ್ ಅವರವಲ್ಲ. ಬಿಳಿಯ ಲೇಖಕಿ ಗರ್ಟ್ರೂಡ್ ಸ್ಟೈನ್ 1909ರ ಕಥೆಯೊಂದರಲ್ಲಿ, ಕರಿಯರ ಎಗ್ಗಿಲ್ಲದ ನಗುವಿನಿಂದ ಹಬ್ಬುವ ಬೆಚ್ಚನೆಯ ಬಿಸಿಲು ಎಂಬರ್ಥದಲ್ಲಿ ಬರೆದದ್ದು. ಬೆನ್ನು ತಟ್ಟುವ ನೆಪದಲ್ಲಿ ಜಾಗ ತೋರಿಸುವ ಮಾತು. ನಮ್ಮಲ್ಲಿಯೂ "ಅವರೆಲ್ಲ ಎಷ್ಟು ಮುಗ್ಧರು, ಎಷ್ಟು ಖುಷಿಯಾಗಿರುತ್ತಾರೆ" ಎನ್ನುವವರಿದ್ದಾರಲ್ಲ, ಅದೇ ದನಿ. ಲೈಗನ್ ಆ ಮಾತನ್ನು ಬೈಯಲಿಲ್ಲ, ತಿದ್ದಲೂ ಇಲ್ಲ. ಬಿಸಿಲು ಎಂದು ಬರೆದಿದೆ; ಬಿಸಿಲು ಮಾತ್ರ ನಮ್ಮ ಕಡೆಗೆ ಬೆನ್ನು ಹಾಕಿದೆ. 2011ರಲ್ಲಿ ಈ ಪದಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ರಸ್ತೆ ಬದಿಯ ಕಿಟಕಿಗೇ ಬಂದವು, ಮ್ಯಾಡಿಸನ್ ಅವೆನ್ಯೂವಿನ ದುಬಾರಿ ಅಂಗಡಿಗಳ ಸಾಲಿನಲ್ಲಿ.

ಇನ್ನೊಂದು ಕೃತಿ 2007ರದು. ಹಾರ್ವರ್ಡಿನಲ್ಲಿ 1975ರಲ್ಲಿ ಮುಹಮ್ಮದ್ ಅಲಿ ಭಾಷಣ ಮುಗಿಸಿದಾಗ ಯಾರೋ "ಒಂದು ಪದ್ಯ ಹೇಳಿ" ಎಂದು ಕೂಗಿದರಂತೆ. ಅಲಿ ಹೇಳಿದ್ದು ಎರಡೇ ಪದ: 'ಮೀ, ವೀ'. ಲೈಗನ್ ಅವನ್ನು ಒಂದರ ಕೆಳಗೊಂದು ಇಟ್ಟು, ಒಂದು ಆರಿದಾಗ ಇನ್ನೊಂದು ಹೊತ್ತುವಂತೆ ಮಾಡಿದರು. ಇಂಗ್ಲಿಷಿನ ಎಮ್ ತಲೆಕೆಳಗಾದರೆ ಡಬ್ಲ್ಯೂ. ಕನ್ನಡದಲ್ಲಿ ಇದನ್ನು ಮಾಡುವುದಿದ್ದರೆ ಕೊಳವೆಯ ಖರ್ಚೂ ಉಳಿಯುತ್ತಿತ್ತು: ನಾನು, ನಾವು. 'ನಾ' ಸದಾ ಉರಿಯುತ್ತಿದ್ದರೆ ಸಾಕು, ಮಿನುಗಬೇಕಾದದ್ದು ಒಂದೇ ಅಕ್ಷರ.

ಕೊಳವೆ ಬಗ್ಗಿಸಿದ್ದು ಯಾರು ಎಂಬ ಚುಚ್ಚು ಮಾತಿಗೂ ಉತ್ತರ ಬಾಕಿಯಿದೆ. ಕುಶಲಕರ್ಮಿಗಳು, ನಿಜ. ತಾಳೆಗರಿಯ ಮೇಲೆ ಕೊರೆದವನು ಲಿಪಿಕಾರನಾದ ಮಾತ್ರಕ್ಕೆ ಕಾವ್ಯ ಪಂಪನದಲ್ಲ ಎನ್ನುತ್ತೇವೆಯೇ? ಆದರೂ ಬೆಂಕಿಯ ಮುಂದೆ ಕೂತು, ಒಂದು ತುದಿಯಿಂದ ಉಸಿರು ಊದುತ್ತಾ ಗಾಜನ್ನು ತಿರುವಿದವರ ಹೆಸರೂ ಗೋಡೆಯ ಚೀಟಿಯಲ್ಲಿರಬೇಕು ಎಂಬುದರಲ್ಲಿ ನಾನು ಹಿಂದಿನ ಬೆಂಚಿನವರ ಪಕ್ಷ.

ಹೆಸರಿನ ಮಾತು ಬಂದಾಗ ಕೊನೆಯ ಚಿತ್ರ ತೋರಿಸುತ್ತೇನೆ. 2019ರಲ್ಲಿ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿ ಲೈಗನ್ ಕರಿಯ ರೂಪದರ್ಶಿಗಳ ಹೆಸರುಗಳನ್ನು ನಿಯಾನಿನಲ್ಲಿ ಎತ್ತರಕ್ಕೆ ಏರಿಸಿದರು. ಅಲ್ಲಿ ಲೋರ್ ಇದ್ದಾಳೆ. ಫ್ರೆಂಚ್ ಚಿತ್ರಕಾರ ಮಾನೆಯ 'ಒಲಿಂಪಿಯಾ' ಚಿತ್ರದಲ್ಲಿ ಹೂಗುಚ್ಛ ಹಿಡಿದು ಹಿಂದೆ ನಿಂತವಳು. ಆ ಹೆಸರುಗಳ ನಡುವೆ, ಅಷ್ಟೇ ಪ್ರಖರವಾಗಿ ಉರಿಯುತ್ತಿರುವ ಇನ್ನೊಂದನ್ನು ವಿದ್ಯಾರ್ಥಿಗಳು ತಡವರಿಸುತ್ತಾ ಓದುತ್ತಾರೆ: 'ನೋಂ ಅಂಕೊನ್ಯು'. ಇದು ಯಾರು ಸರ್ ಎನ್ನುತ್ತಾರೆ. ಹೆಸರು ಗೊತ್ತಿಲ್ಲ ಎನ್ನುತ್ತೇನೆ. ನನಗೆ ಗೊತ್ತಿಲ್ಲವೆಂದು ಅವರು ಅಂದುಕೊಳ್ಳುತ್ತಾರೆ. ಆ ಫ್ರೆಂಚ್ ಪದಗಳ ಅರ್ಥವೇ ಅದು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.