ಬರೀ ನೀರು ತಾನೆ?

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡು ನನಗೆ ನಾಲ್ಕು ವರ್ಷವಾಯಿತು. ಎಷ್ಟು ಕೆಜಿ ಇಳಿದೆ ಎಂದು ಕೇಳಿದವರಿಗಿಂತ ಇನ್ನೊಂದು ಪ್ರಶ್ನೆ ಕೇಳಿದವರೇ ಜಾಸ್ತಿ. "ಊಟ ಕಷ್ಟ ಅಂದ್ರೆ ಅರ್ಥ ಆಗುತ್ತೆ. ಬರೀ ನೀರು ತಾನೆ, ಅದನ್ನ ಕುಡಿಯೋಕೆ ಏನು ಕಷ್ಟ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ನನಗೆ ಸಿಟ್ಟು ಬರುವುದು ಆ "ಬರೀ" ಎನ್ನುವ ಮಾತಿಗೆ. ಕೇಳುವ ಮೊದಲೇ ಉತ್ತರ ತೀರ್ಮಾನ ಮಾಡಿಕೊಂಡು ಬಂದವರ ಮಾತು ಅದು. ನೀರು ತೆಳ್ಳಗಿರುತ್ತೆ, ಸುಮ್ನೆ ಜಾರಿ ಹೋಗುತ್ತೆ, ಇವಳು ಸುಮ್ನೆ ಆಡ್ತಿದ್ದಾಳೆ ಎಂಬ ಧಾಟಿ. ನೀರು ತೆಳ್ಳಗಿರುವುದು ನಿಜ. ಆದರೆ ಅದಕ್ಕೂ ಜಾಗ ಬೇಕು ಅಲ್ವಾ?

ನನಗೆ ಆಗಿದ್ದು ಸ್ಲೀವ್ ಸರ್ಜರಿ. ಇದರಲ್ಲಿ ಹೊಟ್ಟೆಯ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿ. ತೆಗೆದುಬಿಡುವ ಮೇಲಿನ ಭಾಗ ಇದೆಯಲ್ಲ, ಹಿಗ್ಗುವ ಗುಣ ಇರುವುದೇ ಅದಕ್ಕೆ. ಒಂದು ಲೋಟ ನೀರು ಒಟ್ಟಿಗೆ ಬಂದರೆ ಅದು ಸಡಿಲವಾಗಿ ಜಾಗ ಮಾಡಿಕೊಡುತ್ತದೆ. ಉಳಿದ ಕೊಳವೆಗೆ ಆ ಸಡಿಲ ಇಲ್ಲ. ಹೊಟ್ಟೆಯಿಂದ ಕರುಳಿಗೆ ಬಿಡುವ ಕೆಳಗಿನ ಬಾಗಿಲು ಮಾತ್ರ ಮೊದಲಿನ ಹಾಗೇ ಇರುತ್ತದೆ, ತನಗೆ ಬೇಕಾದಾಗಲೇ ತೆರೆಯುತ್ತದೆ. ಅಷ್ಟರಲ್ಲಿ ಮೇಲಿಂದ ಇನ್ನೊಂದು ಗುಟುಕು ಬಂದರೆ ಅದು ಎದೆಯ ನಡುವೆ ನಿಲ್ಲುತ್ತದೆ. ಮೊದಲ ವಾರಗಳಲ್ಲಂತೂ ಹೊಲಿಗೆಯ ಜಾಗ ಊದಿಕೊಂಡು ಕೊಳವೆ ಇನ್ನಷ್ಟು ಕಿರಿದಾಗಿರುತ್ತದೆ.

ತೂಕ ಇಳಿಸಲೆಂದೇ ಮಾಡುವ ಇನ್ನೊಂದು ಸರ್ಜರಿ, ಹೊಟ್ಟೆಯ ಬೈಪಾಸ್, ಮಾಡಿಸಿಕೊಂಡವರದು ಬೇರೆ ಕಥೆ. ಅವರ ಹೊಟ್ಟೆಯ ಚೀಲದಲ್ಲಿ ಶುರುವಿಗೆ ಹಿಡಿಯುವುದೇ ಸುಮಾರು 30 ಮಿಲಿ. ಅದು ನೇರವಾಗಿ ಸಣ್ಣ ಕರುಳಿಗೆ ಸೇರಿರುತ್ತದೆ, ನಡುವೆ ಆ ಬಾಗಿಲು ಇಲ್ಲ. ಸಿಹಿ ಪಾನೀಯ ಕುಡಿದರೆ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಶುರುವಾಗಬಹುದು. ಡಂಪಿಂಗ್ ಎನ್ನುತ್ತಾರೆ. ಅವರ ಮುಂದೆ ಜ್ಯೂಸ್ ಹಿಡಿದು "ಶಕ್ತಿ ಬರುತ್ತೆ, ಕುಡಿ" ಎನ್ನಬೇಡಿ.

ಈಗ ಲೆಕ್ಕಕ್ಕೆ ಬನ್ನಿ. ಡಾಕ್ಟರ್ ನನಗೆ ಹೇಳಿದ್ದು ದಿನಕ್ಕೆ ಕನಿಷ್ಠ 1.5 ಲೀಟರ್. ಕೈಗೆ ಕೊಟ್ಟಿದ್ದು ಔಷಧಿ ಅಳೆಯುವ 30 ಮಿಲಿಯ ಪುಟ್ಟ ಕಪ್. ಅಂದರೆ 50 ಕಪ್. ಎಚ್ಚರವಾಗಿರುವುದು 16 ಗಂಟೆ ಎಂದಿಟ್ಟುಕೊಂಡರೆ ಹತ್ತೊಂಬತ್ತು ನಿಮಿಷಕ್ಕೊಂದು ಕಪ್. ಅದನ್ನೂ ಒಂದೇ ಸಲ ಬಾಯಿಗೆ ಸುರಿಯುವ ಹಾಗಿಲ್ಲ, ಗುಟುಕು ಗುಟುಕಾಗಿ. ಸ್ನಾನಕ್ಕೆ ಹೋಗಿ ಬಂದರೆ ಒಂದು ಕಪ್ ಹಿಂದೆ. ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ಚಿದರೆ ಮೂರು ಕಪ್ ಹಿಂದೆ. ಆಮೇಲೆ ಗಟ್ಟಿ ಊಟ ಶುರುವಾದಾಗ ಊಟದ ಜೊತೆ ನೀರಿಲ್ಲ, ಮುಗಿದ ಮೇಲೂ ಅರ್ಧ ಗಂಟೆ ಇಲ್ಲ. ಇರುವ ಚೂರು ಜಾಗವನ್ನು ನೀರೇ ತುಂಬಿಬಿಟ್ಟರೆ ಊಟಕ್ಕೆ ಜಾಗ ಎಲ್ಲಿ? ಹೀಗಾಗಿ ಆ 16 ಗಂಟೆಯೂ ಪೂರ್ತಿ ಸಿಗುವುದಿಲ್ಲ. ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ. ನೀರು ಕುಡಿಯುವುದೇ ದಿನದ ಕೆಲಸ ಆಗಿಹೋಗಿತ್ತು.

ಹತ್ತೊಂಬತ್ತನೇ ದಿನ ದೊಡ್ಡಮ್ಮ ನನ್ನನ್ನು ನೋಡಲು ಬಂದರು. ಪಕ್ಕದಲ್ಲೇ ಕೂತು ನನ್ನ ಪುಟ್ಟ ಕಪ್ಪನ್ನು ತುಂಬಾ ಹೊತ್ತು ನೋಡಿದರು. ತುಟಿ ಒಣಗಿ ಸಿಪ್ಪೆ ಎದ್ದಿದ್ದೂ ಅವರ ಕಣ್ಣಿಗೆ ಬಿತ್ತು. ಎದ್ದು ಹೋಗಿ ಲೋಟದ ತುಂಬಾ ನೀರು ತಂದರು. "ಹಕ್ಕಿ ಗುಟುಕಿನ ಹಾಗೆ ಕುಡಿದ್ರೆ ಬಾಯಾರಿಕೆ ಹೋಗುತ್ತೇನೆ? ಗಟಗಟ ಅಂತ ಕುಡಿದುಬಿಡು. ನೀರಿಗೇನು ಪಥ್ಯ?" ಎಂದರು.

ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೂ ಅಷ್ಟು ದಿನದ ಬಾಯಾರಿಕೆ. ಲೋಟ ತುಟಿಗೆ ತಗುಲಿದ್ದೇ ತಡ, ಮೂರು ಗುಟುಕು ದೊಡ್ಡದಾಗಿಯೇ ಕುಡಿದೆ. ಎಷ್ಟು ಹಿತವಾಗಿತ್ತು ಎಂದರೆ ಈಗಲೂ ನೆನಪಿದೆ. ನಾಲ್ಕನೆಯದು ಇಳಿಯಲಿಲ್ಲ. ಎದೆಯ ಮಧ್ಯೆ ಕಲ್ಲು ಕೂತ ಹಾಗಾಯಿತು. ಬೆನ್ನಿನವರೆಗೂ ನೋವು. ಬಾಯಿ ತುಂಬಾ ನೊರೆನೊರೆಯಾದ ಎಂಜಲು. ಮಾತಾಡಲೂ ಆಗದೆ ಮುಂದಕ್ಕೆ ಬಾಗಿ ಕೂತೆ. ಕೊನೆಗೆ ಕುಡಿದದ್ದೆಲ್ಲ ವಾಪಸ್ ಬಂತು. ದೊಡ್ಡಮ್ಮ ಖಾಲಿ ಲೋಟ ಹಿಡಿದು ಅಳುತ್ತಾ ನಿಂತಿದ್ದರು.

ಕಷ್ಟ ಎಂದರೆ ಅದೊಂದೇ ಅಲ್ಲ. ಆ ನೋವು ಅರ್ಧ ಗಂಟೆಯಲ್ಲಿ ಹೋಯಿತು. ಹೋಗದೆ ಉಳಿದದ್ದು ಹೆದರಿಕೆ. ಮಾರನೇ ದಿನ ಕಪ್ ನೋಡಿದರೇ ಎದೆ ಬಿಗಿಯುತ್ತಿತ್ತು. ಅಲಾರಂ ಬಡಿದರೆ ಆಫ್ ಮಾಡುತ್ತಿದ್ದೆ. ಒಂದು ಕಪ್, ಬಿಟ್ಟು ಇನ್ನೊಂದು, ಆಮೇಲೆ ಅದೂ ಇಲ್ಲ. ಎರಡು ದಿನಕ್ಕೆ ಮೂತ್ರ ಗಾಢ ಹಳದಿಯಾಗಿ ತೀರಾ ಕಡಿಮೆಯಾಯಿತು. ತಲೆನೋವು. ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ. ಮೂರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಿದರು. ಈ ಸರ್ಜರಿ ಆದವರು ಮೊದಲ ವಾರಗಳಲ್ಲಿ ಮತ್ತೆ ಆಸ್ಪತ್ರೆಗೆ ಬರುವ ಮುಖ್ಯ ಕಾರಣಗಳಲ್ಲಿ ನೀರು ಸಾಲದಿರುವುದೂ ಒಂದು ಎಂದು ನನಗೆ ಗೊತ್ತಾದದ್ದು ಆಗಲೇ.

ಒಂದು ವಿಷಯ ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಈ ಸರ್ಜರಿಯಿಂದ ಹಸಿವು ಕಡಿಮೆಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ಬಾಯಾರಿಕೆಯ ಕಥೆ ಹಾಗಲ್ಲ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿದರೆ ಮಿದುಳು ನೀರು ಕೇಳುತ್ತದೆ. ಆ ಮಿದುಳಿಗೆ ಯಾರೂ ಕತ್ತರಿ ಹಾಕಿಲ್ಲ. ಮೇಲಾಗಿ ಊಟದಿಂದ ಸಿಗುತ್ತಿದ್ದ ನೀರೂ ಕಡಿಮೆ. ನನ್ನ ಹೊಟ್ಟೆ ಚಿಕ್ಕದಾಯಿತು, ಬಾಯಾರಿಕೆ ಚಿಕ್ಕದಾಗಲಿಲ್ಲ. ಆ ದಿನಗಳಲ್ಲಿ ನನಗೆ ಕನಸಿನಲ್ಲಿ ಊಟ ಬರಲಿಲ್ಲ. ಒಂದು ದೊಡ್ಡ ಚೊಂಬು ಎತ್ತಿ ಕತ್ತು ಹಿಂದಕ್ಕೆ ಮಾಡಿ ಕುಡಿಯುತ್ತಿರುವ ಹಾಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ರಾತ್ರಿ ಒಬ್ಬರು ನರ್ಸ್ ಬಂದರು. ನನ್ನಷ್ಟೇ ವಯಸ್ಸು. ಯಾಕೆ ಕುಡಿಯಲಿಲ್ಲ ಎಂದು ಅವರು ಕೇಳಲಿಲ್ಲ. "ನಿಮಗೆ ಬೆಚ್ಚಗಿದ್ರೆ ಇಳಿಯುತ್ತಾ, ತಣ್ಣಗಿದ್ರೆ ಇಳಿಯುತ್ತಾ?" ಎಂದು ಕೇಳಿದರು.

ಎಲ್ಲರೂ ಕೇಳಬೇಕಾಗಿದ್ದ ಪ್ರಶ್ನೆ ಅದು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ನಾನೂ ಯೋಚಿಸಿರಲಿಲ್ಲ. ಅವರು ಎರಡೂ ತಂದಿಟ್ಟರು. ಒಂದು ಕಪ್ ಉಗುರುಬೆಚ್ಚಗೆ, ಒಂದು ತಣ್ಣಗೆ. ತಣ್ಣಗಿದ್ದದ್ದು ಎದೆಯಲ್ಲಿ ನಿಂತಿತು. ಬೆಚ್ಚಗಿದ್ದದ್ದು ನಿಧಾನವಾಗಿ, ಆದರೆ ನೋವಿಲ್ಲದೆ ಇಳಿಯಿತು. ಪಕ್ಕದ ಮಂಚದಲ್ಲಿ ಅದೇ ಸರ್ಜರಿ ಆಗಿದ್ದ ಹೆಂಗಸಿಗೆ ಪೂರ್ತಿ ಉಲ್ಟಾ. ಅವರಿಗೆ ಐಸ್ ಚೂರು ಬಾಯಲ್ಲಿಟ್ಟು ಕರಗಿಸಿದರೆ ಮಾತ್ರ ಸರಿಹೋಗುತ್ತಿತ್ತು. ಕೆಲವರಿಗೆ ಸಪ್ಪೆ ನೀರೇ ಭಾರ ಎನಿಸುತ್ತದೆ, ನಾಲ್ಕು ಹನಿ ನಿಂಬೆರಸ ಬಿದ್ದರೆ ಇಳಿಯುತ್ತದೆ. ಇನ್ನು ಕೆಲವರಿಗೆ ತಿಳಿ ಸೂಪ್. ಸಕ್ಕರೆ ಇಲ್ಲದ, ಗ್ಯಾಸ್ ಇಲ್ಲದ ಏನಾದರೂ ಲೆಕ್ಕಕ್ಕೆ ಸೇರುತ್ತದೆ. ಸೋಡಾ ಬೇಡ, ಅಷ್ಟು ಸಣ್ಣ ಜಾಗದಲ್ಲಿ ಆ ಗುಳ್ಳೆಗಳು ಎಲ್ಲಿಗೆ ಹೋಗಬೇಕು? ಸ್ಟ್ರಾ ಹಾಕಿ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ ಎಂದು ನನಗೆ ಬೇಡವೆಂದರು. ಗುಟುಕನ್ನು ಕ್ಷಣ ಬಾಯಲ್ಲೇ ಇಟ್ಟುಕೊಂಡು ನುಂಗುವುದನ್ನು ಆ ನರ್ಸ್ ಹೇಳಿಕೊಟ್ಟರು. ತೇಗು ಬಂದರೆ, ಎದೆ ಬಿಗಿದರೆ ಅಲ್ಲಿಗೆ ನಿಲ್ಲಿಸಬೇಕು. "ಇದೊಂದು ಮುಗಿಸಿಬಿಡ್ತೀನಿ" ಎನ್ನುವ ಗುಟುಕೇ ಕೆಲಸ ಕೆಡಿಸುವುದು.

ನೀವೇ ಸರ್ಜರಿ ಮಾಡಿಸಿಕೊಂಡು ಇದನ್ನು ಓದುತ್ತಿದ್ದರೆ ಒಂದು ಮಾತು. ಒಂದಿಡೀ ದಿನ ಗುಟುಕು ನೀರೂ ಒಳಗೆ ನಿಲ್ಲದಿದ್ದರೆ ಉಪಾಯ ಹುಡುಕುತ್ತಾ ಕೂರಬೇಡಿ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಕೊಳವೆ ಎಲ್ಲಾದರೂ ಕಿರಿದಾಗಿರಬಹುದು. ವಾಂತಿ ದಿನಗಟ್ಟಲೆ ಮುಂದುವರಿದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೂ ಮಿದುಳಿಗೂ ಪೆಟ್ಟು ಬೀಳಬಹುದು. ಜ್ವರ, ಜೋರು ಹೊಟ್ಟೆನೋವು, ಸುಮ್ಮನೆ ಮಲಗಿದ್ದರೂ ಓಡುವ ಎದೆಬಡಿತ ಇದ್ದರೆ ಅದು ಬೆಳಗಾಗುವವರೆಗೆ ಕಾಯುವ ವಿಷಯವೇ ಅಲ್ಲ. "ಬರೀ ನೀರಿಗೆ ಡಾಕ್ಟರ್‌ಗೆ ಯಾಕೆ ತೊಂದರೆ" ಎಂದು ನಾನು ಎರಡು ದಿನ ಸುಮ್ಮನಿದ್ದೆ. ನೋಡಿ, ಆ "ಬರೀ" ನನ್ನ ಬಾಯಲ್ಲೂ ಬಂದಿತ್ತು.

ಈಗ ಹೇಗಿದ್ದೀನಿ ಎಂದರೆ, ಚೆನ್ನಾಗಿದ್ದೀನಿ. ಊತ ಇಳಿದ ಮೇಲೆ, ಎರಡು ಮೂರು ತಿಂಗಳಲ್ಲಿ, ಕುಡಿಯುವುದು ತುಂಬಾ ಸಲೀಸಾಯಿತು. ಈಗ ಒಂದು ಲೋಟವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ಬಾಟಲಿ ಯಾವಾಗಲೂ ಜೊತೆಗಿರುತ್ತದೆ. ಗಟಗಟ ಕುಡಿಯುವುದು ಮಾತ್ರ ಹೋಯಿತು. ಅದರ ಬಗ್ಗೆ ನನಗೆ ಬೇಜಾರಿದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸರ್ಜರಿ ಮಾಡಿಸಿಕೊಂಡದ್ದಕ್ಕೆ ಬೇಜಾರಿಲ್ಲ. ಎರಡೂ ನಿಜ.

ಹೋದ ತಿಂಗಳು ದೊಡ್ಡಮ್ಮ ಫೋನ್ ಮಾಡಿದ್ದರು. ಅವರ ಗೆಳತಿಯ ಮಗನಿಗೆ ಇದೇ ಸರ್ಜರಿ ಆಗಿದೆಯಂತೆ, ನೋಡಲು ಹೊರಟಿದ್ದರು. "ಅವನಿಗೆ ನೀರು ಕೊಡೋದಾದ್ರೆ ಎಷ್ಟು ದೊಡ್ಡ ಲೋಟದಲ್ಲಿ ಕೊಡಲಿ?" ಎಂದು ಕೇಳಿದರು.

"ಲೋಟ ಬೇಡ ದೊಡ್ಡಮ್ಮ, ಔಷಧಿ ಕಪ್ಪಲ್ಲಿ ಕೊಡಿ. ಬೆಚ್ಚಗೆ ಬೇಕಾ ತಣ್ಣಗೆ ಬೇಕಾ ಅಂತ ಅವನನ್ನೇ ಕೇಳಿ" ಎಂದೆ.

"ತಡಿ, ಬರ್ಕೋತೀನಿ" ಎಂದರು.