ಗ್ರೇಟ್ ಓಷನ್ ರೋಡ್: ಮೂರು ವರ್ಷದ ಮಗುವಿನೊಂದಿಗೆ ಹೊರಟವರಿಗೆ

ಆಸ್ಟ್ರೇಲಿಯಾದ ಮೆಲ್ಬರ್ನ್ ಕಡೆಯಿಂದ ಕಡಲಂಚಿನಲ್ಲಿ ಸಾಗುವ ಗ್ರೇಟ್ ಓಷನ್ ರೋಡ್‌ಗೆ ಹೊರಟರೆ, ಬಾಡಿಗೆ ಕಾರಿನ ಕೌಂಟರಿನಲ್ಲೇ ನಮ್ಮ ಎರಡು ಗಂಟೆ ಹೋಯಿತು. ಮಗುವಿನ ಸೀಟಿಗೆ ಮುಂಗಡವಾಗಿಯೇ ಹಣ ಕಟ್ಟಿದ್ದೆವು. ಕೊಟ್ಟದ್ದು ಬೂಸ್ಟರ್: ಮಗುವನ್ನು ಎತ್ತರದಲ್ಲಿ ಕೂರಿಸಿ ಕಾರಿನ ಬೆಲ್ಟನ್ನೇ ಕಟ್ಟುವಂಥದ್ದು. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷ ತುಂಬದ ಮಕ್ಕಳಿಗೆ ತನ್ನದೇ ಪಟ್ಟಿಗಳಿರುವ ಸೀಟು ಕಡ್ಡಾಯ. ಹಾಗೆಂದರೆ ‘ಮಗು ದೊಡ್ಡದಾಗಿಯೇ ಕಾಣುತ್ತಿದೆಯಲ್ಲ’ ಎಂಬ ಉತ್ತರ! ದಂಡ ಕಟ್ಟಬೇಕಾದವರು ನಾವು, ಅವರಲ್ಲ. ಕೊನೆಗೆ ಬೇರೆ ಶಾಖೆಯಿಂದ ಸರಿಯಾದ ಸೀಟು ಬಂತು. ಅದರ ಸಂದಿಯಲ್ಲಿ ಯಾರೋ ತಿಂದ ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕೂತಿತ್ತು. ಕಾಯ್ದಿರಿಸುವಾಗ ಮಗುವಿನ ವಯಸ್ಸನ್ನು ಬರಹದಲ್ಲೇ ತಿಳಿಸಿ. ಸೀಟಿನ ಮೇಲ್ಪಟ್ಟಿಯನ್ನು ಹಿಂದಿನ ಕೊಕ್ಕೆಗೆ ಸಿಕ್ಕಿಸಿದ್ದಾರೆಯೇ ಎಂದು ನೋಡದೆ ಕೀಲಿಕೈ ತೆಗೆದುಕೊಳ್ಳಬೇಡಿ.

ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಬಂಡೆಯಂಚನ್ನು ಕಡಿದು ಮಾಡಿದ ರಸ್ತೆ ಇದು. ಕಡಿದವರ ಶ್ರಮಕ್ಕೆ ನಮಸ್ಕಾರ. ತಿರುವುಗಳ ಲೆಕ್ಕ ಮಾತ್ರ ಮಗುವಿನ ಹೊಟ್ಟೆಗೇ ಗೊತ್ತು. ದಾರಿಯ ಕಡಲತೀರದ ಊರುಗಳಾದ ಲಾರ್ನ್‌ನಿಂದ ಅಪೊಲೊ ಬೇಗೆ ಸುಮಾರು 45 ಕಿ.ಮೀ. ನಮ್ಮ ಮಗಳು ಮೂರು ಬಾರಿ ವಾಂತಿ ಮಾಡಿಕೊಂಡಳು. ಹೊರಡುವ ಮುನ್ನ ಹಾಲು ಕುಡಿಸಿದ್ದು ನಮ್ಮದೇ ತಪ್ಪು. ಬದಲಿ ಬಟ್ಟೆ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಕಾಲ ಬಳಿ ಇರಲಿ. ಮೆಲ್ಬರ್ನ್ ಕಡೆಯಿಂದ ಹೋಗುವಾಗ ಎಡಬದಿಯಲ್ಲೇ ಓಡಿಸುವುದರಿಂದ ಕಡಲು ನಿಮ್ಮ ಪಕ್ಕಕ್ಕೇ ಇರುತ್ತದೆ, ನಿಲ್ಲಿಸುವ ತಾಣಗಳಿಗೆ ಎದುರಿನ ವಾಹನಗಳನ್ನು ಅಡ್ಡ ಹಾಯದೆ ಇಳಿಯಬಹುದು. ಹಿಂದೆ ವಾಹನಗಳ ಸಾಲು ಬೆಳೆದರೆ ಅಲ್ಲಿ ಸರಿದು ದಾರಿ ಬಿಡಿ.

ಕೋಣೆಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಜನವರಿ ಅಲ್ಲಿನ ಶಾಲೆಗಳ ರಜೆ. ‘ಕಡಲು ಕಾಣುವ ಕೋಣೆ’ ಎಂದು ದುಪ್ಪಟ್ಟು ತೆತ್ತು ನೋಡಿದರೆ, ಎರಡು ಛಾವಣಿಗಳ ನಡುವೆ ಅಂಗೈಯಗಲ ನೀರು. ಮರುದಿನವಿಡೀ ಮಳೆ.

ಆ ಮಳೆಯಲ್ಲೇ ಅಪೊಲೊ ಬೇಯ ಒಂದು ಪುಟ್ಟ ಮೀನು-ಚಿಪ್ಸ್ ಅಂಗಡಿ ಸಿಕ್ಕಿತು. ನಾವು ಸಸ್ಯಾಹಾರಿಗಳು. ಫಲಕದಲ್ಲಿ ‘ಪೊಟೇಟೊ ಕೇಕ್’ ಎಂದಿತ್ತು. ಸಿಹಿ ಇರಬೇಕೆಂದು ಮಗಳಿಗೆ ಕೊಡಿಸಿದರೆ, ಬಂದದ್ದು ಅಂಗೈಯಷ್ಟು ಅಗಲದ ಆಲೂಗಡ್ಡೆ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಮ್ಮ ಬಜ್ಜಿಯ ದೊಡ್ಡಣ್ಣ! ಹೊರಗೆ ಗರಿಗರಿ, ಒಳಗೆ ಹಬೆಯಾಡುವ ಆಲೂಗಡ್ಡೆ, ಮೇಲೆ ಉಪ್ಪು. ಬೆಳಗಿನಿಂದ ಏನೂ ಮುಟ್ಟದ ಮಗು ಎರಡನ್ನು ಮುಗಿಸಿತು. ಜೊತೆಗೆ ‘ಮಿನಿಮಮ್ ಚಿಪ್ಸ್’ ಎಂದು ಕೇಳಿ. ಅದು ಅತಿ ಚಿಕ್ಕ ಅಳತೆ, ಆದರೂ ಮೂವರಿಗೆ ಉಳಿಯುತ್ತದೆ. ಕಾಗದದಲ್ಲಿ ಸುತ್ತಿದ ಆ ಬಿಸಿ ಪೊಟ್ಟಣವನ್ನು ಹೆಂಡತಿ ಮೊದಲು ಕೈ ಕಾಯಿಸಲು ಇಟ್ಟುಕೊಂಡಳು. ಮೀನು ಕರಿದ ಎಣ್ಣೆಯಲ್ಲೇ ಇವನ್ನೂ ಕರಿಯುವುದುಂಟು, ಆಚಾರವಂತರು ಕೇಳಿಕೊಳ್ಳಿ.

ಅಪೊಲೊ ಬೇ ದಾಟಿದ ಮೇಲೆ ರಸ್ತೆ ಕಡಲನ್ನು ಬಿಟ್ಟು ಆಟ್ವೇ ಕಾಡಿನೊಳಗೆ ಹೋಗುತ್ತದೆ. ಮೊಬೈಲ್ ಸಂಪರ್ಕವನ್ನು ನಂಬಬೇಡಿ, ಪೆಟ್ರೋಲ್ ಮೊದಲೇ ತುಂಬಿಸಿ. ಸಂಜೆಯಾದ ಮೇಲೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಬೆಳಕಿರುವಾಗಲೇ ತಲುಪಿ.

ಕಡಲಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳ ಸಾಲು ಟ್ವೆಲ್ವ್ ಅಪಾಸಲ್ಸ್, ಹೆಸರಿಗಷ್ಟೇ ಹನ್ನೆರಡು. ಒಂದು ಕಂಬ 2005ರಲ್ಲಿ ಕುಸಿದ ಮೇಲೆ ಉಳಿದದ್ದು ಏಳೆಂಟು. ಮಧ್ಯಾಹ್ನ ಅಲ್ಲಿ ಜಾತ್ರೆ, ತಲೆಯ ಮೇಲೆ ಹೆಲಿಕಾಪ್ಟರ್‌ಗಳ ಗದ್ದಲ. ನನಗಂತೂ ಅರ್ಧ ಗಂಟೆಯೇ ಹೆಚ್ಚಾಯಿತು. ಬೇಸಿಗೆಯಲ್ಲೂ ಸ್ವೆಟರ್ ಬೇಕು, ದಕ್ಷಿಣ ಸಾಗರದ ಗಾಳಿ ಮಗುವಿನ ಟೋಪಿಯನ್ನು ಕಸಿದುಕೊಂಡೇ ಹೋಯಿತು. ಸಮಯವನ್ನು ಪಕ್ಕದ ಲಾಕ್ ಆರ್ಡ್ ಗಾರ್ಜ್‌ಗೆ ಉಳಿಸಿ. 1878ರಲ್ಲಿ ಹಡಗು ಒಡೆದು 54 ಮಂದಿಯಲ್ಲಿ ಇಬ್ಬರೇ ಬದುಕಿದ ಜಾಗ. ಎರಡೂ ಕಡೆ ಎತ್ತರದ ಬಂಡೆ, ಗಾಳಿ ಕಡಿಮೆ, ಮಗುವಿಗೆ ಬೇಕಾದಷ್ಟು ಮರಳು. ನೀರಿಗೆ ಮಾತ್ರ ಇಳಿಸಬೇಡಿ.

ವಾಪಸು ಬರುವಾಗ ಕೋಲಾಕ್ ಮೂಲಕ ಒಳನಾಡಿನ ದಾರಿ ಹಿಡಿದೆವು. ಮೆಲ್ಬರ್ನ್‌ಗೆ ಸುಮಾರು ಮೂರು ಗಂಟೆ, ಹೆಚ್ಚಿನ ಭಾಗ ನೇರ ರಸ್ತೆ. ಮಗಳು ನಿದ್ದೆ ಹೋದಳು. ಸೀಟು ಹಿಂದಿರುಗಿಸುವಾಗ ಸಂದಿಯಲ್ಲಿ ಪೊಟೇಟೊ ಕೇಕಿನ ಚೂರುಗಳೂ ಸೇರಿದ್ದವು.